ಸಾಕುವ ಮನೆಗೂ ಆಸರೆ ಬೇಕು

ಮಕ್ಕಳಿರುವ ಮನೆ ಎಂದ ಮೇಲೆ ಹಟ, ಜಗಳ, ಕಿರುಚಾಟ, ಸಣ್ಣಪುಟ್ಟ ಸುಳ್ಳು ಇದ್ದದ್ದೇ. ಹೆತ್ತವರಾದರೆ ಗದರುತ್ತಾರೆ, ಮರುಗಳಿಗೆಗೆ ಮರೆಯುತ್ತಾರೆ. ಬೇರೆಯವರ ಮಗುವನ್ನು ಕರೆತಂದು ಸಾಕುತ್ತಿರುವ ಮನೆಯಲ್ಲಿ ಇವು ದಿನಕ್ಕೆ ಎಷ್ಟಾದರೆ ದೊಡ್ಡವರು ಕೈಚೆಲ್ಲುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಶಿಯಾ ಚೇಂಬರ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಈ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ನೋಡಿದರು. ಸಾಕುಮನೆಗಳಲ್ಲೂ ಬಂಧುಗಳ ಮನೆಗಳಲ್ಲೂ ಬೆಳೆಯುತ್ತಿದ್ದ 5ರಿಂದ 12 ವರ್ಷದ 246 ಮಕ್ಕಳನ್ನು ಆಯ್ದುಕೊಂಡು, ಅವರನ್ನು ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿ, ಕಳೆದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಗು ಏನೇನು ಮಾಡಿತೆಂದು ಒಂದು ಪಟ್ಟಿಯಂತೆ ಕೇಳಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ದಿನಕ್ಕೆ ಆರು ತೊಂದರೆಗಳವರೆಗೆ ಮನೆಗಳು ತಡೆದುಕೊಳ್ಳುತ್ತವೆ. ಆರು ದಾಟಿದ ಮೇಲೆ ಒಂದೊಂದು ಹೆಚ್ಚಾದಾಗಲೂ, ಮುಂದಿನ ಒಂದು ವರ್ಷದಲ್ಲಿ ಆ ಮಗು ಆ ಮನೆಯನ್ನು ಕಳೆದುಕೊಳ್ಳುವ ಸಂಭವ ಸುಮಾರು ಶೇ 17ರಷ್ಟು ಏರುತ್ತಾ ಹೋಗುತ್ತದೆ.

ಕೇಳುಗರೇ, ಈ ಲೆಕ್ಕ ಮಕ್ಕಳ ಮೇಲೆ ತಪ್ಪು ಹೊರಿಸುವುದಕ್ಕಾಗಿ ಹಾಕಿದ್ದಲ್ಲ. ಒಂದು ಮನೆಯ ತಾಳ್ಮೆ ಎಲ್ಲಿ ಮುಗಿಯುತ್ತದೆಂಬುದು ಮೊದಲೇ ಗೊತ್ತಾದರೆ, ಮುಗಿಯುವ ಮೊದಲೇ ಆ ಮನೆಗೆ ನೆರವು ಕಳಿಸಬಹುದು. ಚಿಕಿತ್ಸಕ ಪೋಷಕತ್ವ ಎಂದು ಕರೆಯುವ ವ್ಯವಸ್ಥೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಹೆತ್ತವರ ಬಳಿ ಇರಲಾಗದ ಮಗುವನ್ನು ಸರ್ಕಾರದ ಒಪ್ಪಿಗೆಯೊಂದಿಗೆ ಮತ್ತೊಂದು ಕುಟುಂಬ ಕೆಲವು ಕಾಲ ಸಾಕುವುದು ಪೋಷಕತ್ವ. ದತ್ತು ಹಾಗಲ್ಲ, ದತ್ತು ತೆಗೆದುಕೊಂಡ ಮಗು ಕಾನೂನಿನ ಪ್ರಕಾರ ಶಾಶ್ವತವಾಗಿ ಆ ಮನೆಯದಾಗುತ್ತದೆ. ಪೋಷಕತ್ವದಲ್ಲಿ ಮಗುವಿಗೆ ಹೆತ್ತವರು ಇರಬಹುದು, ಅವರ ಪರಿಸ್ಥಿತಿ ಸುಧಾರಿಸಿದರೆ ಮಗು ಹಿಂದಿರುಗಲೂಬಹುದು. ಅಮೆರಿಕದಲ್ಲಿ 2018ರಲ್ಲಿ ಸುಮಾರು 4,37,000 ಮಕ್ಕಳು ಹೀಗೆ ಸರ್ಕಾರದ ಪಾಲನೆಯಲ್ಲಿದ್ದರು. ಆಮೇಲಿನ ವರ್ಷಗಳಲ್ಲಿ ಈ ಸಂಖ್ಯೆ ಇಳಿದಿದೆಯಾದರೂ ಲಕ್ಷಗಳ ಲೆಕ್ಕದಲ್ಲೇ ಇದೆ. ಹೆತ್ತವರ ನಿರ್ಲಕ್ಷ್ಯ, ಮಾದಕ ವ್ಯಸನ, ಹೊಡೆತ, ಲೈಂಗಿಕ ದೌರ್ಜನ್ಯ, ಜೈಲುವಾಸ: ಮಕ್ಕಳನ್ನು ಮನೆಯಿಂದ ಬಿಡಿಸಿ ತರಲು ಇಂಥ ಕಾರಣಗಳಿರುತ್ತವೆ. ಇವರಲ್ಲಿ ಕೆಲವರಿಗೆ ಊಟ, ಬಟ್ಟೆ, ಶಾಲೆ, ಒಂದಿಷ್ಟು ಪ್ರೀತಿ ಸಿಕ್ಕರೆ ಸಾಕಾಗುತ್ತದೆ. ಇನ್ನು ಕೆಲವರ ಮನಸ್ಸಿನ ಗಾಯ ಆಳವಾದದ್ದು. ಹಿಂದೆ ಇಂಥ ಮಕ್ಕಳಿಗೆ ಆಸ್ಪತ್ರೆಯ ವಾರ್ಡು, ಗುಂಪಾಗಿ ಇಡುವ ವಸತಿ ಕೇಂದ್ರ, ತಪ್ಪು ಮಾಡಿದ್ದರೆ ಸುಧಾರಣಾ ಗೃಹ, ಇಷ್ಟೇ ದಾರಿಗಳಿದ್ದವು. ಚಿಕಿತ್ಸಕ ಪೋಷಕತ್ವದಲ್ಲಿ ಅವರನ್ನು ತರಬೇತಿ ಪಡೆದ ಒಂದು ಕುಟುಂಬದಲ್ಲಿಟ್ಟು, ಚಿಕಿತ್ಸೆಯನ್ನೇ ಆ ಮನೆಗೆ ತರುತ್ತಾರೆ.

ಆ ಗಾಯ ಹೊರಗೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಒಂದು ತುಂಡು ರೊಟ್ಟಿಯಿಂದಲೇ ನೋಡಬಹುದು.

ಹಸಿವಿನಲ್ಲಿ ಬೆಳೆದ ಮಗು ಹೊಸ ಮನೆಯಲ್ಲಿ ಹೊಟ್ಟೆ ತುಂಬ ಉಂಡರೂ ಒಂದು ತುಂಡು ಬ್ರೆಡ್ಡನ್ನು ದಿಂಬಿನಡಿ ಬಚ್ಚಿಡುತ್ತದೆ. ಬಾಳೆಹಣ್ಣು ಶಾಲೆಯ ಚೀಲ ಸೇರುತ್ತದೆ, ಬಿಸ್ಕತ್ತು ಬೀರುವಿನ ಬಟ್ಟೆಗಳ ನಡುವೆ ಸೇರುತ್ತದೆ. ವಾರ ಕಳೆದ ಮೇಲೆ ಇರುವೆ ಸಾಲುಗಟ್ಟಿದಾಗಲೋ ವಾಸನೆ ಬಂದಾಗಲೋ ಮನೆಯಾಕೆಗೆ ಗೊತ್ತಾಗುತ್ತದೆ. ‘ಕೇಳಿದ್ದರೆ ಕೊಡುತ್ತಿರಲಿಲ್ಲವೇ, ಕದಿಯುವುದೇಕೆ?’ ಎಂಬ ಮಾತು ಬಾಯಿಗೆ ಬರುವುದು ಸಹಜ. ತರಬೇತಿ ಪಡೆದ ತಾಯಿ ಆ ಮಾತನ್ನು ನುಂಗಿಕೊಳ್ಳುತ್ತಾಳೆ. ಮಗುವಿನ ಕೋಣೆಯಲ್ಲೇ ಒಂದು ಡಬ್ಬಿ ಇಟ್ಟು, ‘ಇದು ನಿನ್ನದು, ಖಾಲಿಯಾದರೆ ಹೇಳು, ತುಂಬಿಸೋಣ’ ಎನ್ನುತ್ತಾಳೆ. ಹೇಳಿದಂತೆ ತುಂಬಿಸುತ್ತಲೂ ಇರುತ್ತಾಳೆ. ನಾಳೆಯೂ ಊಟ ಸಿಗುತ್ತದೆ ಎಂದು ಬಾಯಲ್ಲಿ ಎಷ್ಟು ಸಲ ಹೇಳಿದರೂ ನಂಬದ ಮಗು, ದಿನವೂ ತುಂಬಿರುವ ಡಬ್ಬಿಯನ್ನು ಕಂಡು ಮೆಲ್ಲಗೆ ನಂಬತೊಡಗುತ್ತದೆ. ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಎಲ್ಲ ತೊಡಕುಗಳೂ ಇಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ರಾತ್ರಿಯ ಹೊತ್ತಿನಲ್ಲೇ ಹಿಂಸೆ ಕಂಡ ಮಗು ದೀಪ ಆರಿಸಲು ಬಿಡುವುದಿಲ್ಲ, ಹಾಸಿಗೆ ಬಿಟ್ಟು ಬಾಗಿಲ ಮೂಲೆಯಲ್ಲಿ ಮಲಗುತ್ತದೆ. ತಲೆ ಸವರಲು ಕೈ ಎತ್ತಿದರೆ ಹೊಡೆತಕ್ಕೆ ಮುಖ ಮುಚ್ಚಿಕೊಂಡಂತೆ ಮುದುಡುತ್ತದೆ. ಇನ್ನೊಂದು ಮಗು ಅಪರಿಚಿತರ ತೊಡೆಯ ಮೇಲೂ ಹತ್ತಿ ಕೂರುತ್ತದೆ, ಯಾರು ಕರೆದರೂ ಹಿಂದೆ ಹೋಗಿಬಿಡುತ್ತದೆ. ಎರಡಕ್ಕೂ ಕಾರಣ ಒಂದೇ. ಯಾರನ್ನು ನಂಬಬೇಕು, ಯಾರಿಂದ ದೂರ ಇರಬೇಕು ಎಂಬುದನ್ನು ಕಲಿಯಬೇಕಾದ ವಯಸ್ಸಿನಲ್ಲಿ ಕಲಿಸುವವರು ಇರಲಿಲ್ಲ.

ಹೆತ್ತವರ ಭೇಟಿಯ ದಿನ ಮತ್ತೊಂದು ಪರೀಕ್ಷೆ. ನೋಯಿಸಿದ ತಾಯಿಯಾದರೂ ತಾಯಿಯೇ. ಭೇಟಿ ಮುಗಿಸಿ ಬಂದ ಮಗು ಮನೆಗೆ ಕಾಲಿಟ್ಟೊಡನೆ ಸಾಕು ತಾಯಿಯ ಮೇಲೆ ರೇಗುತ್ತದೆ, ಅವಳು ಬಡಿಸಿದ ತಟ್ಟೆಯನ್ನು ತಳ್ಳುತ್ತದೆ. ಅವಳನ್ನು ಪ್ರೀತಿಸಿದರೆ ಹೆತ್ತಮ್ಮನಿಗೆ ದ್ರೋಹ ಬಗೆದಂತೆ ಎಂಬ ಸಂಕಟ ಒಳಗಿರುತ್ತದೆ. ಅದನ್ನು ಹೇಳಿಕೊಳ್ಳುವ ಮಾತು ಎಂಟು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು? ಭೇಟಿ ತಪ್ಪಿದ ದಿನವೂ ಅಷ್ಟೇ ಕಷ್ಟ. ಬರುತ್ತೇನೆಂದ ಅಪ್ಪ ಬರದೆ ಹೋದರೆ ಆ ಸಿಟ್ಟೂ ಸಾಕುಮನೆಯ ಮೇಲೆಯೇ ಬೀಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಮನೆಯಿಂದ ಮನೆಗೆ ಎತ್ತಂಗಡಿ. ಅಮೆರಿಕದಲ್ಲಿ ಎಷ್ಟೋ ಮಕ್ಕಳು ತಮ್ಮ ಬಟ್ಟೆಬರೆಯನ್ನು ಕಸ ತುಂಬುವ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ಮುಂದಿನ ಮನೆಗೆ ಹೋಗಿದ್ದಾರೆ. ಇದು ಬೇಡವೆಂದು ಮಕ್ಕಳಿಗೆ ಸೂಟ್‌ಕೇಸು, ಚೀಲ ಕೊಡಿಸುವ ಸಂಸ್ಥೆಗಳೇ ಅಲ್ಲಿ ಹುಟ್ಟಿಕೊಂಡಿವೆ. ಮನೆ ಬದಲಾದರೆ ಅನೇಕ ಸಲ ಶಾಲೆ ಬದಲಾಗುತ್ತದೆ, ಗೆಳೆಯರು ಹೋಗುತ್ತಾರೆ, ಒಡಹುಟ್ಟಿದವರೂ ಬೇರೆಬೇರೆ ದಿಕ್ಕಾಗುತ್ತಾರೆ. ಪ್ರತಿ ಬದಲಾವಣೆಯಿಂದಲೂ ಮಗು ಒಂದು ಪಾಠ ಕಲಿಯುತ್ತದೆ: ಈ ಮನೆಯೂ ಉಳಿಯುವುದಿಲ್ಲ, ಇವರನ್ನು ಹಚ್ಚಿಕೊಳ್ಳಬಾರದು. ಮುಂದಿನ ಮನೆಗೆ ಅದು ಹೋಗುವುದು ಈ ಪಾಠವನ್ನು ಕಟ್ಟಿಕೊಂಡೇ. ಅಲ್ಲಿ ಹಟ ಇನ್ನೂ ಹೆಚ್ಚುತ್ತದೆ, ಆ ಮನೆಯೂ ಬೇಗ ಕೈಬಿಡುತ್ತದೆ.

ಈ ಕಷ್ಟ ದೇಹದೊಳಗೂ ಇಳಿಯುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ನಮ್ಮೆಲ್ಲರಲ್ಲೂ ಬೆಳಗ್ಗೆ ಏರಿ, ರಾತ್ರಿಯ ಹೊತ್ತಿಗೆ ಇಳಿಯುತ್ತದೆ. ಒರೆಗಾನ್‌ನಲ್ಲಿ ಫಿಲಿಪ್ ಫಿಶರ್ ಮತ್ತು ಸಂಗಡಿಗರು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಸಾಕುಮಕ್ಕಳ ಜೊಲ್ಲನ್ನು ಪರೀಕ್ಷಿಸಿದಾಗ, ಅನೇಕರಲ್ಲಿ ಈ ಏರಿಳಿತವೇ ಮಂಕಾಗಿರುವುದು ಕಂಡಿತು. ಸಾಮಾನ್ಯ ಪೋಷಕತ್ವದಲ್ಲಿದ್ದ ಮಕ್ಕಳಲ್ಲಿ ತಿಂಗಳು ಕಳೆದಂತೆ ಅದು ಇನ್ನಷ್ಟು ಮಂಕಾಯಿತು. ಚಿಕಿತ್ಸಕ ಪೋಷಕತ್ವದಲ್ಲಿದ್ದವರಲ್ಲಿ ಹಾಗೆ ಕುಸಿಯಲಿಲ್ಲ. ಇನ್ನೊಂದು ಸಂಗತಿ 2008ರಲ್ಲಿ ಹೊರಬಂತು. ಮಗುವಿನ ವರ್ತನೆಯಿಂದ ಸಾಕು ತಾಯಿಗೆ ಆಗುವ ಒತ್ತಡಕ್ಕೂ ಮಗುವಿನ ಬೆಳಗಿನ ಕಾರ್ಟಿಸಾಲ್ ಮಟ್ಟಕ್ಕೂ ನಂಟಿದೆ. ನೋಡಿಕೊಳ್ಳುವವಳು ಬಳಲಿದರೆ ಮಗುವಿನ ರಕ್ತಕ್ಕೂ ಅದು ಗೊತ್ತಾಗುತ್ತದೆ ಎಂದಂತಾಯಿತು. ಸಾಕುವವರಿಗೆ ಕೊಡುವ ನೆರವನ್ನು ಮಗುವಿನ ಚಿಕಿತ್ಸೆಯ ಭಾಗವೆಂದೇ ಎಣಿಸಲು ಇದಕ್ಕಿಂತ ಬಲವಾದ ಕಾರಣ ಬೇಕೆ?

ಇಷ್ಟೆಲ್ಲ ತೊಡಕಿದ್ದರೆ ಮಗುವನ್ನು ಸಂಸ್ಥೆಯಲ್ಲೇ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ರೊಮೇನಿಯಾ ದೇಶದಿಂದ ಉತ್ತರ ಬಂದಿದೆ. 1989ರ ಡಿಸೆಂಬರ್‌ನಲ್ಲಿ ಅಲ್ಲಿ ಚೌಷೆಸ್ಕು ಆಡಳಿತ ಉರುಳಿದಾಗ, ಸರ್ಕಾರಿ ಅನಾಥಾಲಯಗಳಲ್ಲಿ ತುಂಬಿಹೋಗಿದ್ದ ಸಾವಿರಾರು ಮಕ್ಕಳ ಸ್ಥಿತಿ ಜಗತ್ತಿನ ಕಣ್ಣಿಗೆ ಬಿತ್ತು. ಮುಂದೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ರಾಜಧಾನಿ ಬುಕಾರೆಸ್ಟಿನ ಆರು ಸಂಸ್ಥೆಗಳಿಂದ ಎರಡೂವರೆ ವರ್ಷದೊಳಗಿನ 136 ಎಳೆಯ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳು, ಅಂದರೆ 68 ಮಂದಿ, ಸಾಕುಮನೆಗಳಿಗೆ ಹೋದರು. ಉಳಿದ 68 ಮಂದಿಗೆ ದೇಶದಲ್ಲಿ ಆಗ ಇದ್ದ ವ್ಯವಸ್ಥೆಯೇ ಮುಂದುವರಿಯಿತು. ಅಲ್ಲಿ ಪೋಷಕತ್ವವೆಂಬುದು ಹೆಸರಿಗಷ್ಟೇ ಇದ್ದ ಕಾಲ ಅದು. ಹಾಗಾಗಿ ಸಂಶೋಧಕರೇ 56 ಕುಟುಂಬಗಳನ್ನು ಹುಡುಕಿ ತಯಾರು ಮಾಡಬೇಕಾಯಿತು.

ನಾಲ್ಕೂವರೆ ವರ್ಷದ ಹೊತ್ತಿಗೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸಂಸ್ಥೆಯ ಗುಂಪಿನ ಸರಾಸರಿ ಸುಮಾರು 73, ಸಾಕುಮನೆಯ ಗುಂಪಿನದು 81. ಹುಟ್ಟಿನಿಂದ ಸ್ವಂತ ಮನೆಯಲ್ಲೇ ಬೆಳೆದ ಮಕ್ಕಳದು 109. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡಿದ್ದರು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬೇಕು. ಮನೆ ಸಿಕ್ಕಿದ್ದರಿಂದ ಮಕ್ಕಳು ಮೇಲೆದ್ದರು, ಇದು ಸತ್ಯ. ಕಳೆದುಕೊಂಡಿದ್ದೆಲ್ಲ ಮರಳಲಿಲ್ಲ, ಇದೂ ಸತ್ಯ. ಅಲ್ಲಿಯ ಸಾಕುಮನೆಗಳ ಬೆನ್ನಿಗೆ ಸಮಾಜ ಕಾರ್ಯಕರ್ತೆಯರು ನಿಂತಿದ್ದರು, ಅವರಿಗೆ ಅಮೆರಿಕದ ತಜ್ಞರು ಪ್ರತಿ ವಾರ ಸಲಹೆ ಕೊಡುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಈ ಬೆಂಬಲವನ್ನು ಒಂದು ಕ್ರಮಕ್ಕೆ ತಂದವರು ಒರೆಗಾನ್ ರಾಜ್ಯದ ಯೂಜೀನ್ ಪಟ್ಟಣದ ಸಂಶೋಧಕರು. ಅಲ್ಲಿಯ ಒರೆಗಾನ್ ಸೋಷಿಯಲ್ ಲರ್ನಿಂಗ್ ಸೆಂಟರ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಮತ್ತವರ ತಂಡ ಸಿಡುಕುವ ಮಕ್ಕಳಿರುವ ಮನೆಗಳಿಗೆ ಹೋಗಿ, ಒಂದು ಕಡೆ ಕೂತು, ಯಾರು ಏನಂದರು, ಅದಕ್ಕೆ ಯಾರು ಏನು ಮಾಡಿದರು ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಅವರಿಗೆ ಕಂಡದ್ದು ಪ್ರತಿ ಊರಿನಲ್ಲೂ ನಡೆಯುವ ಕಥೆ. ‘ಟಿ.ವಿ. ಆರಿಸು, ಊಟಕ್ಕೆ ಬಾ’ ಎನ್ನುತ್ತಾಳೆ ಅಮ್ಮ. ಮಗು ಕೇಳುವುದಿಲ್ಲ. ಅಮ್ಮನ ದನಿ ಏರುತ್ತದೆ, ಮಗುವಿನ ದನಿ ಅದಕ್ಕಿಂತ ಏರುತ್ತದೆ. ರಿಮೋಟು ಹಾರಿ ಬೀಳುತ್ತದೆ. ಸಾಕಾಗಿಹೋದ ಅಮ್ಮ ‘ಏನಾದರೂ ಮಾಡಿಕೋ’ ಎಂದು ಒಳಗೆ ಹೋಗುತ್ತಾಳೆ. ಕಿರುಚಿದರೆ ಗೆಲ್ಲಬಹುದೆಂದು ಮಗು ಕಲಿಯಿತು. ಬಿಟ್ಟುಕೊಟ್ಟರೆ ಸದ್ದಡಗುತ್ತದೆಂದು ಅಮ್ಮ ಕಲಿತಳು. ದಿನಕ್ಕೆ ಹತ್ತಾರು ಸಲ ಹೀಗೆ ನಡೆದರೆ ಆ ಮನೆಯಲ್ಲಿ ಮಾತುಕತೆಯ ಭಾಷೆಯೇ ಜಗಳವಾಗುತ್ತದೆ. 1982ರಲ್ಲಿ ಪ್ಯಾಟರ್‌ಸನ್ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಮರುವರ್ಷ, 1983ರಲ್ಲಿ, ಅದೇ ಕೇಂದ್ರದ ಚೇಂಬರ್ಲಿನ್ ಪದೇಪದೇ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದ ಹದಿಹರೆಯದವರಿಗಾಗಿ ಹೊಸ ಬಗೆಯ ಪೋಷಕತ್ವವನ್ನು ಶುರು ಮಾಡಿದರು. 1986ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮಕ್ಕಳಿಗೂ ಅದು ವಿಸ್ತರಿಸಿತು.

ಅದರ ಕೆಲಸದ ರೀತಿ ತಿಳಿಯಬೇಕಾದದ್ದು. ಸಾಮಾನ್ಯವಾಗಿ ಒಂದು ಮನೆಗೆ ಒಂದೇ ಮಗು. ತೊಂದರೆಯಲ್ಲಿರುವ ಹುಡುಗರನ್ನು ಒಟ್ಟಿಗೆ ಇಟ್ಟರೆ ಒಬ್ಬರಿಂದೊಬ್ಬರು ಕೆಟ್ಟದ್ದನ್ನೇ ಕಲಿಯುತ್ತಾರೆ ಎಂಬುದು ಇದಕ್ಕೆ ಕಾರಣ. ಆರರಿಂದ ಒಂಬತ್ತು ತಿಂಗಳ ವಾಸ. ಸುಮಾರು ಹತ್ತು ಮಕ್ಕಳಿಗೆ ಒಬ್ಬ ಮೇಲ್ವಿಚಾರಕರು; ಹಗಲಾಗಲಿ ರಾತ್ರಿಯಾಗಲಿ ಸಾಕು ತಂದೆತಾಯಿಯ ಫೋನಿಗೆ ಅವರು ಸಿಗಲೇಬೇಕು. ಮಗುವಿನ ಜೊತೆ ಮಾತಾಡಲು ಒಬ್ಬ ಆಪ್ತ ಸಲಹೆಗಾರರು, ಹೆತ್ತವರಿಗೆ ಕಲಿಸಲು ಇನ್ನೊಬ್ಬರು, ಮಗುವನ್ನು ಆಟದ ಮೈದಾನಕ್ಕೋ ಅಂಗಡಿಗೋ ಕರೆದೊಯ್ದು ಜನರ ಜೊತೆ ನಡೆದುಕೊಳ್ಳುವುದನ್ನು ರೂಢಿಸಲು ಮತ್ತೊಬ್ಬರು. ವಾರಕ್ಕೊಮ್ಮೆ ಸಾಕು ತಂದೆತಾಯಂದಿರೆಲ್ಲ ಸೇರುತ್ತಾರೆ. ಇವರಿಗೆ ಸಿಗುವ ಭತ್ಯೆಯೂ ಸಾಮಾನ್ಯ ಪೋಷಕತ್ವಕ್ಕಿಂತ ಹೆಚ್ಚು, ಏಕೆಂದರೆ ಇವರನ್ನು ಚಿಕಿತ್ಸೆಯ ತಂಡದ ಸದಸ್ಯರೆಂದೇ ಪರಿಗಣಿಸಲಾಗುತ್ತದೆ.

ವ್ಯವಸ್ಥೆಯ ಜೀವ ಇರುವುದು ದಿನದ ಫೋನಿನಲ್ಲಿ. ವಾರದ ದಿನಗಳಲ್ಲಿ ಕಚೇರಿಯಿಂದ ಸಾಕು ತಾಯಿಗೆ ಕರೆ ಬರುತ್ತದೆ. ಐದು ಹತ್ತು ನಿಮಿಷದ ಮಾತು. ನಿನ್ನೆಯಿಂದೀಚೆಗೆ ಎದುರುತ್ತರ ಕೊಟ್ಟನೆ? ಕೊಟ್ಟ. ಸುಳ್ಳು ಹೇಳಿದನೆ? ಇಲ್ಲ. ಯಾರಿಗಾದರೂ ಹೊಡೆದನೆ? ಇಲ್ಲ. ಹಾಸಿಗೆ ಒದ್ದೆಯಾಯಿತೆ? ಹೌದು. ಪ್ರತಿ ‘ಹೌದು’ ಬಂದಾಗಲೂ ಇನ್ನೊಂದು ಪ್ರಶ್ನೆ ಇರುತ್ತದೆ: ಅದರಿಂದ ನಿಮಗೆ ಎಷ್ಟು ಒತ್ತಡವಾಯಿತು? ಕೊನೆಯ ಈ ಪ್ರಶ್ನೆಯನ್ನು ಸಾಕು ತಾಯಿಗೆ ಬೇರೆ ಯಾರೂ ಕೇಳಿರುವುದಿಲ್ಲ. ಉತ್ತರಗಳು ಅದೇ ದಿನ ಮೇಲ್ವಿಚಾರಕರ ಮೇಜಿಗೆ ಹೋಗುತ್ತವೆ. ಮಂಗಳವಾರ ನಾಲ್ಕಿದ್ದದ್ದು ಗುರುವಾರ ಎಂಟಾಗಿದ್ದರೆ, ಮನೆ ಮುರಿದುಬೀಳುವವರೆಗೆ ಯಾರೂ ಕಾಯುವುದಿಲ್ಲ. ಗುರುವಾರ ಸಂಜೆಯೇ ಮಾತುಕತೆ ಶುರುವಾಗುತ್ತದೆ.

ಮನೆಯೊಳಗೆ ಅಂಕಗಳ ಒಂದು ಪಟ್ಟಿ ತೂಗುಹಾಕಿರುತ್ತಾರೆ. ಹೊತ್ತಿಗೆ ಸರಿಯಾಗಿ ಎದ್ದರೆ ಅಂಕ, ತಿಂದ ತಟ್ಟೆ ತೊಳೆದರೆ ಅಂಕ, ‘ಆಗಲ್ಲ’ ಎಂದಾಗ ಸಿಟ್ಟಾಗದೆ ಕೇಳಿಸಿಕೊಂಡರೆ ಅಂಕ. ಇವತ್ತು ಗಳಿಸಿದ ಅಂಕಕ್ಕೆ ನಾಳೆ ಟಿ.ವಿ. ನೋಡುವ ಹೊತ್ತೋ ಗೆಳೆಯನಿಗೆ ಫೋನು ಮಾಡುವ ಅವಕಾಶವೋ ಸಿಗುತ್ತದೆ. ತಪ್ಪಾದರೆ ಅಂಕ ಕಡಿತವಾಗುತ್ತದೆ, ಆದರೆ ಕಡಿತ ಮಾಡುವಾಗ ಭಾಷಣ ಬಿಗಿಯುವಂತಿಲ್ಲ. ದನಿ ಏರಿಸದೆ ಒಂದೇ ಮಾತಿನಲ್ಲಿ ಹೇಳಿ ಮುಂದಿನ ಕೆಲಸಕ್ಕೆ ತಿರುಗಬೇಕು. ಶಾಲೆಗೆ ಒಂದು ಕಾರ್ಡು ಹೋಗುತ್ತದೆ. ಪ್ರತಿ ಪೀರಿಯಡ್ಡಿನ ಮೇಷ್ಟ್ರು ಅದರಲ್ಲಿ ಗುರುತು ಮಾಡಿ ಸಹಿ ಹಾಕುತ್ತಾರೆ. ಬಾಲ್ಯವಿಡೀ ಯಾವಾಗ ಏಟು ಬೀಳುತ್ತದೋ ಯಾವಾಗ ಮುದ್ದು ಸಿಗುತ್ತದೋ ತಿಳಿಯದೆ ಬೆಳೆದ ಹುಡುಗನಿಗೆ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಖಚಿತತೆಯೇ ದೊಡ್ಡ ನೆಮ್ಮದಿ. ಇತ್ತ ಹೆತ್ತವರಿಗೂ ಇದೇ ಪಟ್ಟಿ, ಇದೇ ರೀತಿ ಕಲಿಸುತ್ತಾರೆ. ಮಗು ಮನೆಗೆ ಹಿಂದಿರುಗಿದಾಗ ಹಳೆಯ ಜಗಳ ಮತ್ತೆ ಶುರುವಾಗಬಾರದಲ್ಲ.

ಫಲವೇನು? 1998ರಲ್ಲಿ ಚೇಂಬರ್ಲಿನ್ ಮತ್ತು ಜಾನ್ ರೀಡ್ ಪ್ರಕಟಿಸಿದ ಅಧ್ಯಯನದಲ್ಲಿ 12ರಿಂದ 17 ವರ್ಷದ 79 ಹುಡುಗರಿದ್ದರು. ಕೆಲವರು ಈ ಸಾಕುಮನೆಗಳಿಗೆ, ಉಳಿದವರು ಗುಂಪು ವಸತಿ ಕೇಂದ್ರಗಳಿಗೆ ಹೋದರು. ಗುಂಪಿನಲ್ಲಿದ್ದವರ ಪೈಕಿ ಅರ್ಧಕ್ಕೂ ಹೆಚ್ಚು ಹುಡುಗರು ತಪ್ಪಿಸಿಕೊಂಡು ಓಡಿಹೋದರು. ಸಾಕುಮನೆಗಳಿಂದ ಓಡಿದವರು ಸುಮಾರು ಮೂವರಲ್ಲಿ ಒಬ್ಬರು. ಮುಂದಿನ ಒಂದು ವರ್ಷದಲ್ಲಿ ಸಾಕುಮನೆಯ ಹುಡುಗರ ಮೇಲೆ ದಾಖಲಾದ ಅಪರಾಧಗಳು ಇನ್ನೊಂದು ಗುಂಪಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿದ್ದವು. ಸ್ಯಾನ್ ಡಿಯಾಗೋದಲ್ಲಿ ಇದೇ ತತ್ವವನ್ನು ಸರಳಗೊಳಿಸಿ ಸಾಮಾನ್ಯ ಸಾಕುಮನೆಗಳಿಗೂ ಕೊಂಡೊಯ್ದರು. 700 ಕುಟುಂಬಗಳ ಆ ಅಧ್ಯಯನದಲ್ಲಿ, ಅರ್ಧದಷ್ಟು ಕುಟುಂಬಗಳಿಗೆ ಹದಿನಾರು ವಾರಗಳ ಗುಂಪು ತರಬೇತಿ ಸಿಕ್ಕಿತು. ತರಬೇತಿಗೆ ಬಂದವರ ಮಕ್ಕಳನ್ನು ಅಷ್ಟು ಹೊತ್ತು ನೋಡಿಕೊಳ್ಳುವ ಏರ್ಪಾಟೂ ಇತ್ತು. ಆ ಮನೆಗಳಲ್ಲಿ ಮಕ್ಕಳ ತೊಂದರೆಗಳು ಕಡಿಮೆಯಾದವು. ಹಿಂದೆ ಹಲವು ಮನೆ ಬದಲಿಸಿದ ಮಗು ಈ ಮನೆಯನ್ನೂ ಕಳೆದುಕೊಳ್ಳುವ ಅಪಾಯ ತಗ್ಗಿತು.

ಎಲ್ಲ ಕಡೆಯೂ ಹೀಗೇ ಆಯಿತೆಂದಲ್ಲ. ಇಂಗ್ಲೆಂಡಿನಲ್ಲಿ ಹದಿಹರೆಯದವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂದಾಗ, ಅಲ್ಲಿ ರೂಢಿಯಲ್ಲಿದ್ದ ಆರೈಕೆಗಿಂತ ಒಟ್ಟಾರೆ ಹೆಚ್ಚಿನ ಲಾಭ ಕಾಣಲಿಲ್ಲ. ತೀರಾ ಒರಟಾಗಿ ವರ್ತಿಸುತ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಗಿತ್ತು. ಅಂಕ, ಕಾರ್ಡು, ಫೋನು ಎಲ್ಲರಿಗೂ ಒಂದೇ ಮದ್ದಾಗುವುದಿಲ್ಲ. ಸಿಟ್ಟನ್ನು ಹೊರಹಾಕುವ ಮಗುವಿಗೆ ಒದಗುವ ರೀತಿ, ಒಳಗೊಳಗೇ ಕುಗ್ಗುವ ಮಗುವಿಗೆ ಒದಗದೆ ಹೋಗಬಹುದು. ತೀರಾ ಎಳೆಯ ಮಕ್ಕಳಿಗೆ ಅಂಕಪಟ್ಟಿ ಅರ್ಥವೇ ಆಗುವುದಿಲ್ಲ. ಅವರಿಗಾಗಿ ಡೆಲವೇರ್ ವಿಶ್ವವಿದ್ಯಾಲಯದ ಮೇರಿ ಡೋಜಿಯರ್ ಬೇರೆಯೇ ದಾರಿ ಹುಡುಕಿದ್ದಾರೆ. ತರಬೇತುದಾರರು ಹತ್ತು ಸಲ ಮನೆಗೆ ಬಂದು, ತಾಯಿ ಮಗುವಿನ ಜೊತೆ ಆಡುತ್ತಿರುವಾಗಲೇ ಪಕ್ಕದಲ್ಲಿ ಕೂತು, ‘ನೋಡಿ, ಅವನು ಅತ್ತಾಗ ನೀವು ಎತ್ತಿಕೊಂಡಿರಿ, ಅದೇ ಬೇಕಾದದ್ದು’ ಎಂಬಂಥ ಮಾತುಗಳಿಂದ ಹುರಿದುಂಬಿಸುತ್ತಾರೆ. ಕೈಚಾಚಿದರೂ ದೂರ ತಳ್ಳುವ ಕೂಸನ್ನು ತಾಯಿ ಮತ್ತೆ ಮತ್ತೆ ಹತ್ತಿರ ಕರೆಯುವಂತೆ ಮಾಡುವುದು ಈ ಪದ್ಧತಿಯ ಗುರಿ.

ಇನ್ನೊಂದು ನೆರವಿನ ಬಗ್ಗೆ ಹೇಳಲೇಬೇಕು. ಅದು ಬಿಡುವು. ತಿಂಗಳಲ್ಲಿ ಒಂದೆರಡು ದಿನ, ಮಗುವಿಗೆ ಪರಿಚಯವಿರುವ, ತರಬೇತಿ ಪಡೆದ ಮತ್ತೊಂದು ಕುಟುಂಬ ಮಗುವನ್ನು ನೋಡಿಕೊಳ್ಳುತ್ತದೆ. ಸಾಕು ತಾಯಿ ನಿದ್ದೆ ಮಾಡುತ್ತಾಳೆ, ಮದುವೆಗೆ ಹೋಗುತ್ತಾಳೆ, ಸ್ವಂತ ಮಕ್ಕಳ ಜೊತೆ ಕೂರುತ್ತಾಳೆ. ಸಾಕುಮನೆಯ ಸ್ವಂತ ಮಕ್ಕಳೂ ಇಲ್ಲಿ ಬಹಳ ಬಿಟ್ಟುಕೊಡುತ್ತಿರುತ್ತಾರೆ: ಕೋಣೆ, ಆಟಿಕೆ, ಅಮ್ಮನ ಸಮಯ. ಅವರ ಅಳಲನ್ನು ಕೇಳದಿದ್ದರೆ ಆ ಮನೆ ಒಳಗಿನಿಂದಲೇ ಸಡಿಲವಾಗುತ್ತದೆ.

ಕರ್ನಾಟಕಕ್ಕೆ ಬಂದರೆ, ಇಲ್ಲಿ ಚಿಕಿತ್ಸಕ ಪೋಷಕತ್ವಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಹೆಸರಿಲ್ಲ. ಪೋಷಕತ್ವಕ್ಕೆ ಮಾತ್ರ ಗಟ್ಟಿ ನೆಲೆಯಿದೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಸಾಕು ಕುಟುಂಬಕ್ಕೆ ಒಪ್ಪಿಸಬಹುದು. ಅಣ್ಣತಂಗಿಯರನ್ನು ಒಟ್ಟಿಗೆ ಇಡಲು ಪ್ರಯತ್ನಿಸಬೇಕು, ಸಮಿತಿ ಪ್ರತಿ ತಿಂಗಳೂ ಆ ಮನೆಯನ್ನು ಪರಿಶೀಲಿಸಬೇಕು ಎಂದೂ ಅದೇ ಕಲಮು ಹೇಳುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹಿಂದೆ ವಿವಾಹಿತ ದಂಪತಿಗಷ್ಟೇ ಇದ್ದ ಅವಕಾಶ 2024ರ ಪರಿಷ್ಕೃತ ಮಾರ್ಗಸೂಚಿಯಿಂದ ಅವಿವಾಹಿತರು, ವಿಧವೆಯರು, ವಿಚ್ಛೇದಿತರಿಗೂ ತೆರೆದುಕೊಂಡಿದೆ. ಐದು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದೆಂದಿದ್ದ ನಿಯಮ ಈಗ ಎರಡು ವರ್ಷಕ್ಕೆ ಇಳಿದಿದೆ.

ನಮ್ಮಲ್ಲಿ ಹೆತ್ತವರಿಲ್ಲದ ಎಷ್ಟೋ ಮಕ್ಕಳು ಯಾವ ಆದೇಶವೂ ಇಲ್ಲದೆ ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುತ್ತಿದ್ದಾರೆ. ಕೋವಿಡ್ ಕಾಲದಲ್ಲಿ ಈ ಸಂಗತಿ ಎಲ್ಲರ ಕಣ್ಣಿಗೂ ಬಿತ್ತು. ಅನಾಥರಾದ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ತಂದು, ತಿಂಗಳಿಗೆ 3,500 ರೂಪಾಯಿ ನೆರವು ಘೋಷಿಸಿತು. ಹಣ ಬೇಕೇ ಬೇಕು. ಆದರೆ ಅರವತ್ತು ದಾಟಿದ ಅಜ್ಜಿ, ಅಪ್ಪನ ಸಾವನ್ನು ಕಣ್ಣಾರೆ ಕಂಡು ಮಾತು ಬಿಟ್ಟ ಮೊಮ್ಮಗನನ್ನು ರಾತ್ರಿ ಎರಡು ಗಂಟೆಗೆ ಹೇಗೆ ಸಂಭಾಳಿಸಬೇಕೆಂದು ಕೇಳಲು ಯಾರ ಬಳಿಗೆ ಹೋಗಬೇಕು? ನೆರವಿನ ಕೊರತೆ ನಿಜವಾಗಿ ಇರುವುದು ಇಲ್ಲಿ.

ಆ ಕೊರತೆ ನೀಗಲು ಬೇಕಾದ ತಿಳಿವಳಿಕೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ನಡೆಯುತ್ತಿರುವ ‘ಸಂವಾದ್’ ಎಂಬ ರಾಷ್ಟ್ರೀಯ ಕಾರ್ಯಕ್ರಮವೂ ಅಲ್ಲೇ ಇದೆ. ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಅದು ತರಬೇತಿ ಕೊಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. ಪ್ರತಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವಿದೆ. ಕೊಂಡಿ ಹಾಕುವ ಕೆಲಸ ಬಾಕಿಯಿದೆ. ತಿಂಗಳಿಗೊಮ್ಮೆ ಮನೆ ಪರಿಶೀಲನೆಗೆ ಹೋದವರು ಮಗುವಿನ ತೂಕ, ಹಾಜರಾತಿ ಬರೆದುಕೊಂಡು ಬಂದರೆ ಸಾಲದು. ಸಾಕುವವರನ್ನು ಬೇರೆಯಾಗಿ ಕೂರಿಸಿಕೊಂಡು ‘ನಿಮಗೆ ಯಾವುದು ಕಷ್ಟವಾಗುತ್ತಿದೆ?’ ಎಂದು ಕೇಳಬೇಕು. ಎರಡು ಭೇಟಿಗಳ ನಡುವೆ ವಾರಕ್ಕೊಂದು ಫೋನು ಮಾಡಬೇಕು. ಒಂದು ತಾಲ್ಲೂಕಿನ ಸಾಕು ಕುಟುಂಬಗಳು ತಿಂಗಳಿಗೊಮ್ಮೆ ಒಂದೆಡೆ ಸೇರಲು ಒಂದು ಕೋಣೆ ಸಿಗಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಕಟ್ಟಡವೂ ಬೇಕಿಲ್ಲ.

ಹದಿನೆಂಟು ತುಂಬಿದವರನ್ನೂ ನೆನೆಯಬೇಕು. ಸ್ವಂತ ಮನೆಯ ಮಕ್ಕಳು ಆ ವಯಸ್ಸಿನಲ್ಲಿ ಕಾಲೇಜು ಫೀಸಿಗೆ ಅಪ್ಪನ ಮುಖ ನೋಡುತ್ತಿರುತ್ತಾರೆ. ಸರ್ಕಾರದ ಪಾಲನೆಯಲ್ಲಿ ಬೆಳೆದವರಿಗೆ ಅದೇ ಹುಟ್ಟುಹಬ್ಬದ ದಿನ ವ್ಯವಸ್ಥೆ ಕೈಬಿಡುವ ಭಯ. ಬಾಲನ್ಯಾಯ ಕಾಯ್ದೆಯ 46ನೇ ಕಲಮು ಮಕ್ಕಳ ಪಾಲನಾ ಸಂಸ್ಥೆಗಳಿಂದ ಹೊರಬರುವವರ ಅನುಪಾಲನೆಗೆ, ಎಂದರೆ ಹದಿನೆಂಟರ ನಂತರದ ನೆರವಿಗೆ, ಅವಕಾಶ ಕೊಟ್ಟಿದೆ. ಸಾಮಾನ್ಯವಾಗಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅದು ಸಿಗುತ್ತದೆ. ಹೀಗೊಂದು ಸೌಲಭ್ಯವಿದೆ ಎಂಬುದು ಮಕ್ಕಳಿಗೆ ಹದಿನಾರರಲ್ಲೇ ಗೊತ್ತಾಗಬೇಕು, ಅರ್ಜಿ ಹದಿನೇಳರಲ್ಲೇ ತಯಾರಾಗಬೇಕು.

ಪೋಷಕತ್ವಕ್ಕೆ ಮುಂದೆ ಬರಬೇಕೆಂದಿರುವ ಕುಟುಂಬಗಳು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು. ಅರ್ಜಿ ಕೊಡುವಾಗಲೇ, ಮಗುವಿನ ಹಿಂದಿನ ಬದುಕಿನ ಬಗ್ಗೆ ಎಷ್ಟು ಮಾಹಿತಿ ಸಿಗುತ್ತದೆ, ತೊಂದರೆ ಬಂದ ರಾತ್ರಿ ಯಾರಿಗೆ ಫೋನು ಮಾಡಬೇಕು, ಆಪ್ತ ಸಲಹೆ ಎಲ್ಲಿ ದೊರೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವುದು ಒಳ್ಳೆಯದು. ಬಂಧುಗಳ ಮಕ್ಕಳನ್ನು ಸಾಕುತ್ತಿರುವವರೂ ಇದೇ ಕಚೇರಿಯಲ್ಲಿ ನೆರವು ಕೇಳಬಹುದು. ಸಂಕಷ್ಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಗುವಿನ ಅಥವಾ ಸಾಕುವವರ ಮನಸ್ಸು ಕುಗ್ಗಿದಾಗ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾತಾಡಬಹುದು.